ಎಳೆ ನೋಡಿ ಕೊಯ್ಯುವ ಕೈ

ಜುಲೈ ಹದಿನಾರು, ಬುಧವಾರ
ಬೆಳಗ್ಗೆ ಹತ್ತೂವರೆ

ನನ್ನ ಸಣ್ಣಿಗೆ ಅಮ್ಮನ ಆಶೀರ್ವಾದಗಳು.

ಇವತ್ತು ನನಗೆ ಉಪವಾಸ. ಅಮ್ಮನ ಉಪವಾಸ ಶುಕ್ರವಾರ ಅಲ್ಲವಾ, ಇದೇನು ಬುಧವಾರ ಅಂತ ನೀನು ಹುಬ್ಬು ಗಂಟು ಹಾಕುವುದು ನನಗೆ ಇಲ್ಲಿಂದಲೇ ಕಾಣುತ್ತೆ. ಕಾರಣ ಇದೆ, ಕೊನೆಗೆ ಹೇಳುತ್ತೇನೆ. ಬೆಳಗ್ಗೆ ಐದಕ್ಕೆ ಎದ್ದು ಅಂಗಡಿ ಮುಂದಿನ ಮೆಟ್ಟಿಲು ಉಜ್ಜಿದೆ. ಕೊಕ್ಕೆಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿದೆ. ಕೊಯ್ಯುವ ದಿಮ್ಮಿಗೆ ಉಪ್ಪು ಸುರಿದು ಕೆರೆದೆ. ಎರಡು ಬಕೆಟ್ ಬಟ್ಟೆ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದೆ. ಪ್ರಾರ್ಥನೆಯೂ ಆಯಿತು. ನಿಮ್ಮಪ್ಪನಿಗೆ ತಿಂಡಿ ಕೊಟ್ಟು ಅಂಗಡಿಗೆ ಸಾಗಹಾಕಿ, ಮೇಜಿನ ಮೇಲಿನ ಈರುಳ್ಳಿ ಸಿಪ್ಪೆ ಸರಿಸಿ, ಈಗ ಬರೆಯಲು ಕೂತಿದ್ದೇನೆ. ಹೊಟ್ಟೆ ಖಾಲಿ ಇದ್ದಾಗ ನನಗೆ ತಲೆ ಚೆನ್ನಾಗಿ ಓಡುತ್ತೆ. ನಿಮ್ಮಪ್ಪನಿಗೆ ಬಾಯಿ ಮಾತ್ರ ಓಡುತ್ತೆ.

ನಿನ್ನ ಕಾಗದ ಬಂದು ಇಪ್ಪತ್ತಾರು ದಿನ ಆಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಯಾರೋ ಬಂದು ಕರೆದರು ಅನ್ನಬಹುದು. ನಿಜ ಹೇಳಬೇಕೆಂದರೆ ಎರಡೇ ಸಲ ಕರೆದಿದ್ದು. ಇನ್ನೆರಡು ಸಲ ನಾನೇ ಎದ್ದುಹೋದೆ. ಫೋನು ಯಾಕೆ ಮಾಡಲಿಲ್ಲ ಅಂದರೆ, ಅಪ್ಪ ಅನ್ನುವ ಮಾತು ಬಂದ ಕೂಡಲೇ ನೀನು ಫೋನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಇಟ್ಟರೂ ಮತ್ತೆ ಎತ್ತಿಕೊಂಡು ಓದಬಹುದು. ಅದಕ್ಕೇ ಐಸ್ ಗಾಡಿಯಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೇಗೂ ವಾರಕ್ಕೊಮ್ಮೆ ನಿನ್ನ ಗೋದಾಮಿಗೆ ಬರುತ್ತಾರಲ್ಲ. ಜೊತೆಗೆ ಒಂದು ಬಟ್ಟೆ ಕಟ್ಟು ಇದೆ. ಕಾಗದ ಪೂರ್ತಿ ಓದುವವರೆಗೆ ಅದನ್ನು ಬಿಚ್ಚಬೇಡ. ನೀನು ಬಿಚ್ಚುವವಳೇ, ಆದರೂ ಹೇಳಿದ್ದೇನೆ.

ಮೊದಲು ನೀನು ಕೇಳಿದ್ದು. ಕೋಣೆಯಲ್ಲಿ ಒಂದೇ ಒಲೆ, ಕೆಲಸದಿಂದ ಬಂದು ಬೇಗ ಏನಾದರೂ ಮಾಡೋಣ ಅಂತ ದನದ ಮಾಂಸ, ತರಕಾರಿ ಹುರಿಯಲು ಹೋದರೆ ನೀರು ಬಿಟ್ಟುಕೊಂಡು ಚಪ್ಪಲಿ ಬೇಯಿಸಿದ ಹಾಗೆ ಆಗುತ್ತೆ ಅಂತ ಬರೆದಿದ್ದೆ. ಓದಿ ಒಬ್ಬಳೇ ನಕ್ಕೆ. ಮಾಂಸದಂಗಡಿಯವರ ಮಗಳು! ಇಡೀ ಹಿಂಗಾಲಿನ ಮಾಂಸವನ್ನು ಹತ್ತು ನಿಮಿಷದಲ್ಲಿ ಮೂಳೆಯಿಂದ ಬಿಡಿಸುತ್ತಿದ್ದವಳು, ಬಾಣಲೆ ಮುಂದೆ ಸೋತು ಕೂತಿದ್ದಾಳೆ.

ಕೇಳು. ಒಲೆ ಹಚ್ಚುವ ಮುಂಚೆ ಎಲ್ಲವೂ ಹೆಚ್ಚಿ ಮುಗಿದಿರಬೇಕು. ಕ್ಯಾರೆಟ್, ಬೀನ್ಸು, ದೊಣ್ಣೆ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಎಲ್ಲ ಬೇರೆ ಬೇರೆ ತಟ್ಟೆಯಲ್ಲಿ. ಹುರಿಯೋದು ಐದು ನಿಮಿಷದ ಕೆಲಸ, ಆ ಐದು ನಿಮಿಷದಲ್ಲಿ ಈರುಳ್ಳಿ ಹುಡುಕುತ್ತಾ ಕೂರಬಾರದು. ಮಾಂಸವನ್ನು ಅರ್ಧ ಗಂಟೆ ಐಸಿನ ಹತ್ತಿರ ಇಟ್ಟು ಬಿಗಿಯಾದ ಮೇಲೆ ಕೊಯ್ದರೆ ನಾಣ್ಯದಷ್ಟು ತೆಳ್ಳಗೆ ಬರುತ್ತೆ. ಇದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಮುಂದಿನದು. ಕೊಯ್ದ ಮಾಂಸವನ್ನು ಒಣ ಬಟ್ಟೆಯಲ್ಲಿ ಒತ್ತಿ ಒರೆಸು. ನೀನು ತೊಳೆದು ಹಾಗೇ ಹಾಕುತ್ತೀಯ, ನನಗೆ ಖಂಡಿತ ಗೊತ್ತು. ಒರೆಸಿದ ಮೇಲೆ ಎರಡು ಚಮಚ ಸೋಯಾ ಸಾಸು, ಕುಟ್ಟಿದ ಕರಿಮೆಣಸು, ಒಂದು ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ ಕಲಸಿ ಬಿಡು. ಸಾಸಿನಲ್ಲೇ ಉಪ್ಪು ಇದೆ, ಮೇಲೆ ಮತ್ತೆ ಸುರಿಯಬೇಡ. ಬಾಣಲೆ ಕಾಯಲಿ. ಒಂದು ಹನಿ ನೀರು ಹಾಕಿದರೆ ಅದು ಮಣಿಯ ಹಾಗೆ ಓಡಾಡಬೇಕು. ಆಮೇಲೆ ಎಣ್ಣೆ, ಆಮೇಲೆ ಮಾಂಸ, ಅದೂ ಅರ್ಧ ಮಾತ್ರ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತೆ, ನಿನ್ನ ಚಪ್ಪಲಿ ಹುಟ್ಟೋದು ಅಲ್ಲೇ. ಹಾಕಿದ ಮೇಲೆ ಕೈ ಕಟ್ಟಿ ನಿಲ್ಲು. ಕಲಕಬೇಡ. ಒಂದು ಕಡೆ ಕೆಂಪಗಾದ ಮೇಲೆ ತಿರುವಿ ತಟ್ಟೆಗೆ ತೆಗೆ. ಇನ್ನರ್ಧವೂ ಹಾಗೇ. ಈಗ ಅದೇ ಬಾಣಲೆಗೆ ಬೆಳ್ಳುಳ್ಳಿ, ಗಟ್ಟಿ ತರಕಾರಿ ಮೊದಲು, ಮೆತ್ತನೆಯದು ಆಮೇಲೆ. ಹಲ್ಲಿಗೆ ಕಟ್ ಅನ್ನಬೇಕು. ಕೊನೆಗೆ ಮಾಂಸ ವಾಪಸ್ ಹಾಕಿ, ಅಂಚಿನ ಸುತ್ತ ಸ್ವಲ್ಪ ಸಾಸು ಬಿಟ್ಟು, ಎರಡು ಸಲ ತಿರುವಿ ಇಳಿಸು.

ಸದ್ದು ಕೇಳಿಕೊಂಡು ಮಾಡು. ಚುರ್ ಅಂತಿದ್ದರೆ ಸರಿ. ಬುಳುಬುಳು ಅಂತಿದ್ದರೆ ಬೇಯುತ್ತಿದೆ, ಹುರಿಯುತ್ತಿಲ್ಲ. ಉಪವಾಸದ ದಿನ ನಾನು ನಾಲಿಗೆ ಮೇಲೆ ಏನೂ ಇಡುವುದಿಲ್ಲವಲ್ಲ, ಇಪ್ಪತ್ತೆಂಟು ವರ್ಷದಿಂದ ಶುಕ್ರವಾರದ ಅಡುಗೆಯೆಲ್ಲ ಕಿವಿಯಲ್ಲೇ ಮಾಡಿದ್ದೇನೆ. ಒಂದು ದಿನವೂ ಕೆಟ್ಟಿದ್ದಿಲ್ಲ. ಕಳೆದ ಶುಕ್ರವಾರದವರೆಗೆ.

ಅದನ್ನೇ ಹೇಳಬೇಕಿತ್ತು ನಿನಗೆ.

ಹಾಸ್ಟೆಲಿನ ಮೇಡಂ ನೆನಪಿದ್ದಾರಲ್ಲ, ಕನ್ನಡಕವನ್ನು ತಲೆ ಮೇಲೆ ಇಟ್ಟುಕೊಂಡು ಕನ್ನಡಕ ಹುಡುಕುವವರು? ಐವತ್ತು ಹುಡುಗಿಯರಿಗೆ ವಾರಕ್ಕೆ ಮೂರು ದಿನ ತೆಳ್ಳಗೆ ಕೊಯ್ದ ಮಾಂಸ ನಮ್ಮಲ್ಲೇ ತೆಗೆದುಕೊಳ್ಳುತ್ತಾರೆ. ಬೀದಿ ಕೊನೆಯಲ್ಲಿ ದೊಡ್ಡ ಅಂಗಡಿ ಬಂದ ಮೇಲೆ ನಮ್ಮ ಬಾಗಿಲು ತೆರೆದಿರುವುದೇ ಅವರಿಂದ. ಅವರು ಹೋದ ವಾರ ಬಂದು ಅಂಗಡಿ ಮುಂದೆಯೇ ಶುರು ಮಾಡಿದರು.

“ಅಕ್ಕಾ, ನಿಮ್ಮ ಮಾಂಸ ತಿಂದು ನಮ್ಮ ಹುಡುಗೀರಿಗೆ ದವಡೆ ನೋವು. ಒಬ್ಬಳು ಅಗಿದೂ ಅಗಿದೂ ಸಾಕಾಗಿ ಕರ್ಚೀಫಲ್ಲಿ ಸುತ್ತಿಟ್ಟಳು.”

ನನಗೆ ಎಲ್ಲಿಲ್ಲದ ರೋಷ ಬಂತು. “ಮಾಂಸದ ತಪ್ಪಲ್ಲ ಮೇಡಂ, ನಿಮ್ಮ ಒಲೆ ತಪ್ಪು” ಅಂದೆ.

“ನಮ್ಮ ಅಡುಗೆಯವರು ಇಪ್ಪತ್ತು ವರ್ಷದಿಂದ ಮಾಡ್ತಿದ್ದಾರೆ.”

“ಇಪ್ಪತ್ತು ವರ್ಷದಿಂದ ತಪ್ಪಾಗೇ ಮಾಡ್ತಿರಬಹುದು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ನಿಮ್ಮ ಕಣ್ಣ ಮುಂದೇ ಮಾಡಿ ತೋರಿಸ್ತೀನಿ. ಹತ್ತು ನಿಮಿಷ ಸಾಕು.”

“ತೋರಿಸಿ. ಚೆನ್ನಾಗಿದ್ರೆ ನಮ್ಮ ಅಡುಗೆಯವರನ್ನ ನಿಮ್ಮ ಹತ್ರ ಪಾಠಕ್ಕೆ ಕಳಿಸ್ತೀನಿ. ಇಲ್ಲಾಂದ್ರೆ ಆ ದೊಡ್ಡ ಅಂಗಡಿ ಇದ್ದೇ ಇದೆ.”

ಶುಕ್ರವಾರ ಬಂದರು. ನಿಮ್ಮಪ್ಪ ಬೆಳಗ್ಗೆಯೇ ತೊಡೆಯ ಒಳ್ಳೆಯ ತುಂಡು ಆರಿಸಿ ಕೊಯ್ದು ಕೊಟ್ಟಿದ್ದರು. ಮೇಡಂ ಇಲ್ಲಿ, ಈ ಮೇಜಿನ ಈ ಬದಿ, ನಿಮ್ಮಪ್ಪ ಆ ಬದಿ. ಗಡಿಬಿಡಿ ಬಾಗಿಲಿಗೆ ಒರಗಿ ನಿಂತಿದ್ದ. ಗಡಿಬಿಡಿ ಅನ್ನೋದು ನಾವಿಟ್ಟ ಅಡ್ಡಹೆಸರು, ಅವನು ಯಾರು ಅಂತ ನಿನಗೆ ಗೊತ್ತಿಲ್ಲ ಅಲ್ಲವಾ? ನೀನು ಹೋದ ಮೇಲೆ ನಿಮ್ಮಪ್ಪ ಕೆಲಸಕ್ಕೆ ಇಟ್ಟುಕೊಂಡ ಮನುಷ್ಯ. ನಲವತ್ತು ದಾಟಿದೆ, ಹೆಂಡತಿ ಮಕ್ಕಳಿದ್ದಾರೆ, ಒಳ್ಳೆಯವನು. ಮೂಳೆ ಕಡಿಯೋದಿದ್ದರೆ ಹೇಳು, ಇಡೀ ಬೀದಿ ಅದುರುವ ಹಾಗೆ ಕಡಿಯುತ್ತಾನೆ. ತೆಳ್ಳಗೆ ಕೊಯ್ಯಲು ಹೇಳಿದರೆ ಮಾತ್ರ ಸೌದೆ ಒಡೆದ ಹಾಗೆ. ನಿನ್ನ ಏಪ್ರನ್ ಇನ್ನೂ ಅದೇ ಕೊಕ್ಕೆಯಲ್ಲಿದೆ. ಒಂದು ದಿನ ಅವನು ಗೊತ್ತಿಲ್ಲದೆ ಹಾಕಿಕೊಳ್ಳಲು ಹೋದ. “ಅದು ಬೇಡಪ್ಪ, ಅದಕ್ಕೆ ಜನ ಇದ್ದಾರೆ” ಅಂದರು ನಿಮ್ಮಪ್ಪ.

ಇರಲಿ. ನಾನು ಹುರಿದೆ. ಸದ್ದು ಸರಿ, ಬಣ್ಣ ಸರಿ, ವಾಸನೆಗೆ ಪಕ್ಕದ ಮನೆ ಟೈಲರ್ ಕಿಟಕಿ ತೆರೆದರು. ರುಚಿ ನೋಡುವಂತಿಲ್ಲ, ಉಪವಾಸ. ನೋಡಬೇಕು ಅಂತಲೂ ಅನ್ನಿಸಲಿಲ್ಲ, ಅಷ್ಟು ಧೈರ್ಯ. ಬಡಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮೇಡಂ ಬಾಯಿಗಿಟ್ಟುಕೊಂಡರು. ಅಗಿದರು. ನಾನು ಕಾದೆ. ಇನ್ನೂ ಅಗಿದರು. ಕನ್ನಡಕ ತಲೆಯಿಂದ ಮೂಗಿಗೆ ಜಾರಿತು, ಬಾಯಿ ಮಾತ್ರ ನಿಲ್ಲಲಿಲ್ಲ.

“ಕ್ಯಾರೆಟ್ ತುಂಬಾ ಚೆನ್ನಾಗಿದೆ” ಅಂದರು ಕೊನೆಗೆ.

ಆಗ ನಿಮ್ಮಪ್ಪನನ್ನು ನೋಡಿದೆ. ಅವರೂ ಅಗಿಯುತ್ತಿದ್ದರು. ನಿಲ್ಲಿಸಿದರು.

“ಏನೇ, ಇದು ನಾನು ಕೊಯ್ದಿದ್ದಲ್ಲ. ಕೊಯ್ದಿದ್ದು ಯಾರು?”

ನನ್ನ ಬಾಯಿಂದ ಏನು ಬಂತು ಗೊತ್ತಾ? “ಗಡಿಬಿಡಿ” ಅಂದುಬಿಟ್ಟೆ. ಉಪವಾಸದ ಬಾಯಲ್ಲಿ ಸುಳ್ಳು.

“ನಾನಾ?” ಅಂತ ಅವನು ಬಾಗಿಲಲ್ಲೇ ಎದೆ ಮುಟ್ಟಿಕೊಂಡ. “ಯಜಮಾನ್ರೇ, ನನಗೆ ಯಾವತ್ತಾದ್ರೂ ಆ ಸಣ್ಣ ಚೂರಿ ಮುಟ್ಟೋಕೆ ಬಿಟ್ಟಿದ್ದೀರಾ?”

ನಿಮ್ಮಪ್ಪ ಒಂದು ಚೂರನ್ನು ತಟ್ಟೆಯಿಂದ ಎತ್ತಿ ಎರಡು ಬೆರಳಲ್ಲಿ ಎಳೆದರು. ಉದ್ದಕ್ಕೆ ದಾರದ ಹಾಗೆ ಬಿಚ್ಚಿಕೊಂಡು ಬಂತು. ಮಾಂಸದ ಎಳೆಗೆ ಅಡ್ಡ ಕೊಯ್ದಿದ್ದರೆ ಪುಡಿಯಾಗಿ ಬೀಳಬೇಕಿತ್ತು, ನಿನಗೇನು ಹೇಳೋದು. “ಎಳೆಯ ಉದ್ದಕ್ಕೇ ಕೊಯ್ದಿದ್ದೀನಿ” ಅಂದರು. ಬೈಯಲಿಲ್ಲ, ಕೂಗಲಿಲ್ಲ. “ಮೂವತ್ತೊಂದು ವರ್ಷ ಆಯ್ತು ಈ ಕೆಲಸಕ್ಕೆ ಬಂದು” ಅಂತ ಇನ್ನೊಂದು ಮಾತು ಸೇರಿಸಿ, ಕೈ ತೊಳೆಯಲು ಎದ್ದುಹೋದರು.

ಅವರ ಎಡಗಣ್ಣು ಎಂದೋ ಮೂಳೆ ಚೂರು ಸಿಡಿದು ಹೋಗಿದ್ದು ನಿನಗೆ ಗೊತ್ತೇ ಇದೆ. ಈಗ ಬಲಗಣ್ಣಿಗೂ ಪೊರೆ ಬಂದಿದೆ ಸಣ್ಣಿ. ನನಗೂ ಹೇಳದೆ ಎಷ್ಟೋ ತಿಂಗಳಿಂದ ಅಂದಾಜಿನ ಮೇಲೆ ಕೊಯ್ಯುತ್ತಿದ್ದರಂತೆ. ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಪೊರೆ ತೆಗೆಯಬಹುದು, ನಡೆದಾಡಲು, ಜನರ ಮುಖ ನೋಡಲು ತೊಂದರೆ ಇಲ್ಲ, ಆದರೆ ಅಷ್ಟು ಸಣ್ಣ ಗೆರೆ ಮೊದಲಿನ ಹಾಗೆ ಕಾಣುತ್ತೆ ಅಂತ ಮಾತು ಕೊಡೋಕಾಗಲ್ಲ ಅಂದರು. “ಜನರ ಮುಖ ಕಂಡು ಏನು ಮಾಡಲಿ ಡಾಕ್ಟ್ರೇ, ಮಾಂಸದ ಮುಖ ಕಾಣಬೇಕು” ಅಂದರು ಇವರು. ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಶುಕ್ರವಾರದ್ದು ಮುಗಿಸುತ್ತೇನೆ. ಮೇಡಂ ಎದ್ದು ಚೀಲ ತೆಗೆದುಕೊಂಡರು. ನಾನು ಭುಜ ಹಿಡಿದು ಕೂರಿಸಿದೆ. “ಇನ್ನೂ ಹತ್ತು ನಿಮಿಷ ಕೊಡಿ. ನಾನು ಕರೆದಿದ್ದು ಹೊಟ್ಟೆ ತುಂಬಾ ಊಟಕ್ಕೆ, ಕ್ಯಾರೆಟ್ಟಿಗಲ್ಲ” ಅಂದೆ. ಐಸ್ ಪೆಟ್ಟಿಗೆಯಲ್ಲಿ ಅದೇ ತೊಡೆಯ ಇನ್ನರ್ಧ ಇತ್ತು. ಹಲಗೆ ಮೇಲಿಟ್ಟೆ. ನನಗೆ ಎಳೆ ಗೊತ್ತಾಗುವುದಿಲ್ಲ, ಎಂದೂ ಗೊತ್ತಿರಲಿಲ್ಲ. ನನ್ನದು ಬಾಣಲೆ ಕಡೆಯ ವಿದ್ಯೆ. ಆಗ ನೀನು ನೆನಪಾದೆ. ನಿನಗೆ ಹನ್ನೆರಡು ವರ್ಷ ಇದ್ದಾಗ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಅಂಗಡಿ ಮಬ್ಬಾಯಿತು. ದೀಪ ತನ್ನಿ ಅಂತ ಅಪ್ಪ ಕೂಗುತ್ತಿದ್ದರೆ, ನೀನು ಕಣ್ಣು ಮುಚ್ಚಿ ಮಾಂಸದ ಮೇಲೆ ಬೆರಳಾಡಿಸಿ, “ಅಪ್ಪಾ, ಇಲ್ಲೀವರೆಗೆ ಹೀಗೆ ಹೋಗುತ್ತೆ, ಇಲ್ಲಿಂದ ತಿರುಗುತ್ತೆ, ಚೂರಿ ಕೊಡು” ಅಂದೆ. ನಾನೂ ಕಣ್ಣು ಮುಚ್ಚಿದೆ. ದೇವರೇ, ಇವತ್ತೊಂದು ದಿನ ನನ್ನ ಮಗಳ ಬೆರಳನ್ನು ನನಗೆ ಸಾಲ ಕೊಡು ಅಂದೆ. ಬೆರಳಾಡಿಸಿದೆ. ಸಿಕ್ಕಿತು ಸಣ್ಣಿ! ಬಾಚಿದ ಕೂದಲ ಹಾಗೆ ಒಂದು ಕಡೆಗೆ ಹರಿಯುತ್ತಿತ್ತು. ಅದಕ್ಕೆ ಅಡ್ಡವಾಗಿ ಕೊಯ್ದೆ. ದಪ್ಪ ತೆಳು ಏನೇನೋ ಆಯಿತು, ಆದರೆ ದಿಕ್ಕು ಸರಿ. ಒರೆಸಿದೆ, ಕಲಸಿದೆ, ಹುರಿದೆ.

ಮೇಡಂ ಎರಡು ಸಲ ಅಗಿದು ನುಂಗಿದರು. ಇನ್ನೊಂದು ತೆಗೆದುಕೊಂಡರು. ಇನ್ನೂ ಒಂದು.

“ಅಕ್ಕಾ, ಇದು ಅದೇ ಪ್ರಾಣೀನಾ?”

“ಅದೇ ಪ್ರಾಣಿ, ಅದೇ ತೊಡೆ. ಕೊಯ್ದ ದಿಕ್ಕು ಬೇರೆ, ಅಷ್ಟೇ.”

“ಹಾಗಾದ್ರೆ ಇನ್ಮೇಲೆ ನೀವೇ ಕೊಯ್ಯಿರಿ.”

ನನ್ನ ಬಲಗೈ ತೋರಿಸಿದೆ. ಅಷ್ಟು ಕೊಯ್ಯುವುದರೊಳಗೆ ಮಣಿಕಟ್ಟು ಊದಿಕೊಂಡಿತ್ತು. ಮೂರು ಜನರ ಊಟಕ್ಕೇ ಹೀಗಾದರೆ ಐವತ್ತು ಜನಕ್ಕೆ? ಮೇಡಂ ಕೆಟ್ಟವರಲ್ಲ. “ತಿಂಗಳ ಕೊನೆವರೆಗೆ ಕಾಯ್ತೀನಿ. ಅಷ್ಟರಲ್ಲಿ ಸರಿಯಾಗಿ ಕೊಯ್ಯೋ ಒಂದು ಕೈ ಹುಡುಕಿ” ಅಂದು, ತಟ್ಟೆಯಲ್ಲಿ ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೋದರು.

ಹುಡುಕೋದೇನಿದೆ? ಆ ಕೈ ಎಲ್ಲಿದೆ ಅಂತ ನನಗೆ ಗೊತ್ತು. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾ ಕೂತಿದೆ. ಚೀಟಿ ಅಂಟಿಸುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಯಾರು ಬೇಕಾದರೂ ಅಂಟಿಸಬಹುದು ಸಣ್ಣಿ.

ಇವತ್ತಿಗೆ ಹದಿನೈದು ದಿನ ಉಳಿದಿದೆ. ಬಾ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮನೆಗೆ ಹಬ್ಬದೂಟಕ್ಕೆ ಕರೆದ ಹಾಗೆ ಕರೆಯುತ್ತಿಲ್ಲ, ದಿಮ್ಮಿಯ ಮುಂದೆ ನಿಲ್ಲಲು ಕರೆಯುತ್ತಿದ್ದೇನೆ. ಅಂಗಡಿ ನಿನ್ನದು. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರಲಿ, ಗಿರಾಕಿಗಳ ಜೊತೆ ಹರಟೆ ಹೊಡೆಯಲಿ. ಬೆರಳಲ್ಲಿ ಎಳೆ ಹುಡುಕೋದನ್ನು ಅವರಿಗೂ ಕಲಿಸು, ಕಲಿಯುತ್ತಾರೆ. ಗಡಿಬಿಡಿ ಮೂಳೆ ನೋಡಿಕೊಳ್ಳಲಿ. ಹಾಸ್ಟೆಲಿನ ಅಡುಗೆಯವರಿಗೆ ಬಾಣಲೆ ಪಾಠ ನಾನು ಹೇಳುತ್ತೇನೆ. ಎಲ್ಲ ಯೋಚಿಸಿಯಾಗಿದೆ. ಆಗುತ್ತೆ. ನೀನೊಬ್ಬಳು ಹೂಂ ಅಂದರೆ ಆಗುತ್ತೆ, ನನಗೆ ಒಂದು ಚೂರೂ ಅನುಮಾನ ಇಲ್ಲ.

ಅಂಗಡಿಯಲ್ಲಿ ಗಡಿಬಿಡಿ ಏನೋ ಕೂಗುತ್ತಿದ್ದಾನೆ, ನೋಡಿ ಬರುತ್ತೇನೆ.

ಬಂದೆ. ಏನೂ ಇಲ್ಲ, ತಕ್ಕಡಿ ಎಲ್ಲಿ ಅಂತ. ಅವನ ಮುಂದೆಯೇ ಇತ್ತು.

ಟೈಲರ್ ನಿನ್ನನ್ನು ಕೇಳಿದರು ಅಂತ ಹೇಳಲು ಹೇಳಿದ್ದಾರೆ. ಬೆಕ್ಕು ನಾಲ್ಕು ಮರಿ ಹಾಕಿದೆ, ಅದೂ ನಿನ್ನ ಹಳೇ ಸ್ವೆಟರಿನ ಮೇಲೆ. ಸ್ವೆಟರಿನ ಆಸೆ ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಗೋದಾಮಿನ ಥಂಡಿಯಲ್ಲಿ ಬೆರಳು ಮರಗಟ್ಟದ ಹಾಗೆ ಕೈಗವಸು ಹಾಕಿಕೋ, ಆ ಬೆರಳು ನಿನ್ನೊಬ್ಬಳದೇ ಅಲ್ಲ. ದೇವರು ನಿನ್ನ ಕೈಯನ್ನೂ ಮನಸ್ಸನ್ನೂ ಕಾಪಾಡಲಿ. ನೀನು ಕಾಲಿಟ್ಟ ಕಡೆ ಬೆಳಕಿರಲಿ.

ಇಂತಿ ನಿನ್ನನ್ನು ಹೆತ್ತ
ಅಮ್ಮ

ಮರೆತದ್ದು: ಮರೆತದ್ದು ಅಂತ ಬರೆದೆ, ಮರೆತಿಲ್ಲ. ಇದನ್ನು ಬರೆಯಲಾರದೇ ಆ ಎರಡು ಸಲ ಎದ್ದುಹೋಗಿದ್ದು.

ಹದಿನಾಲ್ಕು ತಿಂಗಳ ಹಿಂದೆ ನೀನು ಅಂಗಡಿ ನನಗೆ ಕೊಡಿ ಅಂತ ಕೇಳಿದಾಗ ಅಪ್ಪ ದಿಮ್ಮಿಯ ಮೇಲೆ ಕೈಯಿಟ್ಟು, ತಲೆ ಎತ್ತದೆ, “ಇದು ಹೆಣ್ಣುಮಕ್ಕಳ ಕೆಲಸ ಅಲ್ಲ” ಅಂದರು. ನೀನು ಏಪ್ರನ್ ಬಿಚ್ಚಿ ಕೊಕ್ಕೆಗೆ ಹಾಕಿ ಹೋದೆ. ಆ ಮಾತು ಅವರದಲ್ಲ. ನನ್ನದು. ನಾನು ಹೇಳಿಸಿದ್ದು.

ಅವರು ಖುಷಿಯಾಗಿದ್ದರು. ಅದಕ್ಕೂ ಒಂದು ವಾರ ಮುಂಚೆ ನಿನ್ನ ಕೈಗೆ ಹಿಟ್ಟಿನ ಉಂಡೆ ಕೊಟ್ಟು “ಗಟ್ಟಿಯಾಗಿ ಹಿಡಿ” ಅಂದಿದ್ದರಲ್ಲ? ತಮಾಷೆ ಅಂದುಕೊಂಡು ನೀನು ನಕ್ಕೆ. ಆ ಹಿಟ್ಟನ್ನು ಒಣಗಿಸಿ ಬಡಗಿಯ ಹತ್ತಿರ ಒಯ್ದು, ನಿನ್ನ ಮುಷ್ಟಿಯ ಅಳತೆಗೆ ಚೂರಿಗೆ ಹಿಡಿ ಮಾಡಿಸಿದರು. ನೀನು ಕೇಳುವ ಮೊದಲೇ. ಅದನ್ನು ನನಗೆ ತೋರಿಸಿದಾಗ ನಾನು ಬೇಡ ಅಂದೆ. ಇಪ್ಪತ್ತೆಂಟು ವರ್ಷದಿಂದ ಪ್ರಾರ್ಥನೆಗೆ ಕೂತಾಗ ಪಕ್ಕದ ಹೆಂಗಸರು ನನ್ನಿಂದ ಒಂದು ಅಂಗೈ ಅಗಲ ಸರಿದು ಕೂರುತ್ತಾರೆ. ನಿಂಬೆಹಣ್ಣು ತಿಕ್ಕಿ ಸ್ನಾನ ಮಾಡಿ ಹೋದರೂ ಸರಿಯುತ್ತಾರೆ. ಅವರು ಮನೆಗೆ ಹೋಗಿ ಉಣ್ಣುವುದು ಮಾತ್ರ ನಮ್ಮ ಅಂಗಡಿಯ ಮಾಂಸವನ್ನೇ. ಆ ಅಂಗೈ ಅಗಲದ ಜಾಗ ನನ್ನ ಮಗಳ ಪಕ್ಕದಲ್ಲೂ ಬೀಳಬಾರದು ಅನ್ನಿಸಿತು. ನೀವೇ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾಳೆ ಅಂದೆ. “ಅವಳು ನನ್ನ ಮೇಲೆ ಮುನಿಸಿಕೊಂಡು ಹೋದ್ರೆ?” ಅಂದರು. ಹೋಗಲ್ಲ ಅಂದೆ.

ಇಷ್ಟು ತಿಂಗಳಲ್ಲಿ ಒಂದು ಸಲವೂ ಅವರು ನಿನಗೆ ನಿಜ ಹೇಳಲಿಲ್ಲ, ನನ್ನನ್ನು ಒಂದು ಮಾತು ಅನ್ನಲಿಲ್ಲ. ಶುಕ್ರವಾರ ಮೇಡಂ ಹೋದ ಮೇಲೆ, ಅವಳನ್ನು ಕರೆಯಿರಿ ಅಂದೆ. “ಕರೆಯೋಕೆ ನನಗೆ ಯಾವ ಮುಖ ಇದೆ?” ಅಂದರು. ಆಗಲೂ ನನ್ನ ತಪ್ಪನ್ನು ತಮ್ಮದೇ ಅನ್ನುವ ಹಾಗೆ ಅಂದರು. ಗಡಿಬಿಡಿಯ ಮೇಲೆ ಹಾಕಿದ ಸುಳ್ಳಿಗೆ ಅವನ ಹತ್ತಿರ ಅವತ್ತೇ ತಪ್ಪಾಯಿತು ಅಂದೆ. ನಿಮ್ಮಿಬ್ಬರಿಗೆ ಮಾಡಿದ ಈ ತಪ್ಪಿಗೆ ಇವತ್ತಿನ ಉಪವಾಸ. ಈ ಕಾಗದ ಗಾಡಿ ಹತ್ತುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ ಅಂತ ದೇವರಿಗೆ ಹೇಳಿಕೊಂಡಿದ್ದೇನೆ. ಯಾಕೆಂದರೆ ನನಗೆ ನಾನು ಗೊತ್ತು, ಹೊಟ್ಟೆ ತುಂಬಿದರೆ ಈ ಹಾಳೆಯನ್ನು ಒಲೆಗೆ ಹಾಕಿಬಿಡುತ್ತೇನೆ.

ಈಗ ಕಟ್ಟು ಬಿಚ್ಚು. ಹಿಡಿದು ನೋಡು. ನಿನ್ನ ಕೈಗೆ ಕೂರುತ್ತೆ. ಸಿಟ್ಟು ನನ್ನ ಮೇಲೆ ಮಾಡು, ಎಷ್ಟು ಬೇಕಾದರೂ. ಅವರ ಮೇಲಿನದನ್ನು ಬಿಡು.

(ಲಕೋಟೆಯ ಹಿಂಬದಿಯಲ್ಲಿ)

ಗಾಡಿಯಣ್ಣನಿಗೆ: ಕಾಗದ ಕೊಟ್ಟ ಕೂಡಲೇ ಹೊರಟುಬಿಡಬೇಡಿ ಅಣ್ಣಾ. ಅವಳು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರಿ, ಐಸ್ ಕರಗಿದರೆ ನಾನು ನೋಡಿಕೊಳ್ಳುತ್ತೇನೆ. ಉತ್ತರ ಬರೆದುಕೊಟ್ಟರೆ ಅದನ್ನು ತನ್ನಿ. ಬೈದು ಬರೆದಿದ್ದರೂ ತನ್ನಿ. ಬಟ್ಟೆ ಚೀಲ ಹಿಡಿದುಕೊಂಡು ಅವಳೇ ಹೊರಗೆ ಬಂದರೆ, ಹಿಂದೆ ಐಸಿನ ಜೊತೆ ಬೇಡ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬನ್ನಿ.